ಜಗಲಿಯ ಮೇಲೆ ಬಿದ್ದ ನೀರು

ಹೇಳುವ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕತೆ ಬರೆಯುವುದು ನನ್ನ ಕೆಲಸವಲ್ಲ. ಮಂಡ್ಯದ ಒಬ್ಬ ಎಂಜಿನಿಯರ್ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುತ್ತೇನೆ. ಅದೇ ಕಚೇರಿಯಲ್ಲಿ ಹಗಲು ಟೈಪು ಮಾಡಿಕೊಂಡಿದ್ದು, ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮುಗಿಸಿದವಳು ನಾನು. ನಕ್ಷೆಯಲ್ಲಿ ಗೆರೆ ತಪ್ಪಿದರೆ ಅಳಿಸಬಹುದು. ಮೇಲಿನವರು ನೋಡಿ ತಿದ್ದಿ ಸಹಿ ಹಾಕುತ್ತಾರೆ. ಇಲ್ಲಿ ತಿದ್ದುವವರು ಯಾರೂ ಇಲ್ಲ. ಸಾಲದ್ದಕ್ಕೆ ಇದು ನಮ್ಮಪ್ಪನ ವಿಷಯ. ಅವರು ಈಗಲೂ ನಮ್ಮ ಜೊತೆಯಲ್ಲೇ ಇದ್ದಾರೆ, ಪೇಪರು ಓದುತ್ತಾರೆ. ಇದನ್ನು ಓದಿದರೆ ಏನಂದುಕೊಳ್ಳುತ್ತಾರೋ ತಿಳಿಯದು. ಆದರೂ ಬರೆಯುತ್ತಿದ್ದೇನೆ. ನಮ್ಮ ರಘುನಂದನ್ ಸರ್ ಮದ್ದೂರಿನಲ್ಲಿ ನಾವಿರುವಂಥದೇ ಇನ್ನೊಂದು ಮನೆಗಳ ಗುಂಪು ಕಟ್ಟಲು ಹೊರಟಿದ್ದಾರೆ, ಅದರ ನಕ್ಷೆ ನನ್ನ ಮೇಜಿನ ಮೇಲಿದೆ. ಅದನ್ನು ಶುರು ಮಾಡುವ ಮೊದಲು ಇಲ್ಲಿ ನಡೆದದ್ದೇನೆಂದು ನನಗೆ ನಾನೇ ಒಮ್ಮೆ ಹೇಳಿಕೊಳ್ಳಬೇಕು ಅನ್ನಿಸಿತು.

ನಾವು ಈಗಿರುವ ಜಾಗದಲ್ಲಿ ಮೊದಲು ಬೆಲ್ಲದ ಗೋದಾಮು ಇತ್ತು. ಸಣ್ಣ ನೌಕರರ ಸಂಘವೊಂದು ಆ ಜಾಗ ಕೊಂಡು, ತನ್ನ ಸದಸ್ಯರಿಗೆ ಮೂರಂತಸ್ತಿನ ಮನೆಗಳನ್ನು ಕಟ್ಟಿಕೊಡಿ ಅಂತ ನಮ್ಮ ಕಚೇರಿಗೆ ಬಂತು. ನನ್ನ ಗಂಡ ಜಯಪ್ರಕಾಶ್ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು, ಅವರೂ ಆ ಸಂಘದ ಸದಸ್ಯರು. ಹಾಗಾಗಿ ನಾನು ಬರೆಯುವ ಮನೆಯಲ್ಲಿ ನಾನೇ ಇರಬೇಕಾಗಿತ್ತು. ಇದು ನಮ್ಮ ಕೆಲಸದಲ್ಲಿ ಅಪರೂಪ.

ಸರ್ ಮೊದಲು ಗೀಚಿದ ನಕ್ಷೆಯಲ್ಲಿ ನಡುವೆ ಒಂದು ಉದ್ದನೆಯ ಓಣಿ, ಅದರ ಎರಡೂ ಕಡೆ ಎದುರುಬದುರು ಬಾಗಿಲುಗಳು. ಎಲ್ಲ ಕಡೆ ಹಾಗೆಯೇ ಕಟ್ಟುತ್ತಾರೆ. ನಾನು ಅದನ್ನು ಕಂಪ್ಯೂಟರಿಗೆ ಹಾಕುತ್ತಾ ಕೂತಿದ್ದೆ. ಎಷ್ಟು ಹಾಕಿದರೂ ಆ ಓಣಿ ಲಾಡ್ಜಿನ ಓಣಿಯಂತೆ ಕಾಣುತ್ತಿತ್ತು. ಹೇಳಲೋ ಬೇಡವೋ ಅಂತ ಊಟದ ಹೊತ್ತಿನವರೆಗೆ ಒದ್ದಾಡಿ, ಕಡೆಗೆ ಹೇಳಿದೆ.

"ಸರ್, ಬಾಗಿಲು ತೆಗೆದರೆ ಹಗಲಲ್ಲೂ ಲೈಟು ಹಾಕಬೇಕಾಗುತ್ತೆ. ಆಕಾಶ ಕಂಡರೆ ಚೆನ್ನಾಗಿರುತ್ತಲ್ವಾ?"

ಸರ್ ಚಪಾತಿ ಮುರಿಯುತ್ತಿದ್ದರು. "ಆಕಾಶಕ್ಕೆ ಜಾಗ ಎಲ್ಲಿಂದ ತರ್ತೀಯ ನಯನ?" ಅಂದರು. ಊಟ ಮುಗಿಸಿ ಕೈ ತೊಳೆದು ಬಂದು, "ಸರಿ, ನೀನೇ ಬರಿ ನೋಡೋಣ" ಅಂದರು.

ಆ ಮಾತು ಕೇಳಿ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಭಯದಲ್ಲೇ ಬರೆದೆ. ಮನೆಗಳನ್ನು ಎರಡು ಸಾಲು ಮಾಡಿ ಎದುರುಬದುರು ನಿಲ್ಲಿಸಿದೆ. ನಡುವೆ ಅಂಗಳ. ಗೋದಾಮಿನ ಕಾಲದ ಹೊಂಗೆ ಮರಗಳನ್ನು ಅಲ್ಲೇ ಉಳಿಸಿದೆ. ಕೆಳಗಿನ ಮನೆಗಳಿಗೆ ಬಾಗಿಲ ಪಕ್ಕ ಜಗಲಿ. ಮೇಲಿನ ಮನೆಗಳಿಗೆ, ಬಾಗಿಲ ಮುಂದೆ ಅಗಲವಾದ ವರಾಂಡ. ಅಂಗಳದ ಕಡೆ ಗೋಡೆ ಇಲ್ಲ, ಬರೀ ಕಬ್ಬಿಣದ ಕಂಬಿ. ಮೆಟ್ಟಿಲುಗಳೂ ಬಯಲಲ್ಲೇ. ಅಡುಗೆಮನೆ ಕಿಟಕಿ ಅಂಗಳಕ್ಕೆ ತೆರೆಯಬೇಕು, ಒಗ್ಗರಣೆ ಹಾಕುವವರು ಹೊರಗೆ ಕೂತವರ ಜೊತೆ ಮಾತಾಡುವಂತಿರಬೇಕು ಅಂತ ಇಟ್ಟೆ.

ಜಗಲಿ ಎಷ್ಟು ಎತ್ತರ ಇರಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಸಿಗಲಿಲ್ಲ. ನಾನು ಹುಟ್ಟಿ ಬೆಳೆದದ್ದು ಮಳವಳ್ಳಿ. ಒಂದು ಭಾನುವಾರ ಟೇಪು ಹಿಡಿದುಕೊಂಡು ಅಲ್ಲಿಯ ಹಳೆಯ ಬೀದಿಗೆ ಹೋಗಿ ಜಗಲಿಗಳನ್ನು ಅಳೆಯುತ್ತಾ ಬಂದೆ. ಒಬ್ಬ ಅಜ್ಜಿ ಜಗಲಿ ಬಿಟ್ಟು ಏಳಲೇ ಇಲ್ಲ.

"ರೋಡ್ ಅಗ್ಲ ಮಾಡಕ್ ಬಂದಿದ್ದೀಯ ತಾನೆ? ಅಳ್ಕೊ. ನನ್ನೂ ಸೇರ್ಸಿ ಅಳ್ಕೊ. ನಾನ್ ಮಾತ್ರ ಏಳಕಿಲ್ಲ" ಅಂದಳು.

ಕೂತವರ ಕಾಲು ನೆಲ ಮುಟ್ಟಬೇಕು, ಎದ್ದೇಳುವಾಗ ಮಂಡಿ ನೋಯಬಾರದು. ಆ ಅಜ್ಜಿಯ ಕಾಲು ನೋಡಿಯೇ ನಾನು ಎತ್ತರ ನಿಗದಿ ಮಾಡಿದ್ದು.

ನಿಜ ಹೇಳಬೇಕೆಂದರೆ ಜಗಲಿಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡದ್ದು ಸಂಘದ ಸದಸ್ಯರಿಗಾಗಿ ಅಲ್ಲ. ನಮ್ಮಪ್ಪನಿಗಾಗಿ.

ನಮ್ಮಪ್ಪ ಮಾದಯ್ಯ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಮಳವಳ್ಳಿ, ಮದ್ದೂರು, ಕೊಪ್ಪ ಆ ಕಡೆಯ ದಾರಿಗಳಲ್ಲಿ ಅವರ ಆಯಸ್ಸು ಕಳೆದಿತ್ತು. ಒಳಗೆ ಸೀಟಿದ್ದರೂ ಬಾಗಿಲಲ್ಲೇ ಜೋತುಬಿದ್ದು ನಿಲ್ಲುತ್ತಿದ್ದರು. ಮದ್ದೂರು ಸ್ಟ್ಯಾಂಡಿನಲ್ಲಿ ಅವರು ಊರುಗಳ ಹೆಸರು ಕೂಗಿದರೆ ಹೋಟೆಲಿನಲ್ಲಿ ವಡೆ ತಿನ್ನುತ್ತಿದ್ದವರೂ ಎದ್ದು ಬರುತ್ತಿದ್ದರಂತೆ. ಕೆಲಸ ಬಿಟ್ಟ ಮೇಲೆ ಕುತ್ತಿಗೆಯಲ್ಲಿ ಗಡ್ಡೆ ಬೆಳೆಯಿತು. ತೆಗೆಯಬೇಕು, ತೆಗೆದರೆ ದನಿ ಹೋಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಗಡ್ಡೆ ಹೋಯಿತು, ದನಿಯೂ ಹೋಯಿತು. ಉಳಿದದ್ದು ಪಿಸುಮಾತು; ಪಕ್ಕದಲ್ಲಿ ಕೂತು ಕಿವಿ ಕೊಟ್ಟರೆ ಕೇಳಿಸುವಷ್ಟು. ಅದಾದ ಮಾರನೆ ವರ್ಷ ಅವ್ವ ತೀರಿಕೊಂಡಳು. ನಾವು ಅಪ್ಪನನ್ನು ಮಂಡ್ಯಕ್ಕೆ ಕರೆದುಕೊಂಡು ಬಂದೆವು.

ಬಂದವರು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆಗ ನಾವಿದ್ದದ್ದು ಬಾಡಿಗೆ ಮನೆಯ ಮಹಡಿಯಲ್ಲಿ. ಬಾಗಿಲು ತೆಗೆದರೆ ಎದುರು ಗೋಡೆ. ಹೊರಗೆ ಹೋಗಿ ಎಲ್ಲಿ ಕೂರಬೇಕು? ಜಾಗ ಇಲ್ಲದ್ದಕ್ಕೇ ಹೀಗೆ, ಕೂರಲು ಒಂದು ಜಗಲಿ, ನೋಡಲು ಒಂದು ಮರ, ಹೋಗಿಬರುವ ನಾಲ್ಕು ಜನ ಇದ್ದರೆ ಅಪ್ಪ ಬಾಗಿಲು ದಾಟುತ್ತಾರೆ ಅಂತ ನಾನು ನಂಬಿದ್ದೆ. ಯಾರಿಗೆ ಯಾವ ಮನೆ ಅಂತ ಚೀಟಿ ಎತ್ತಿದಾಗ ನಮಗೆ ಕೆಳಗಿನ ಮನೆಯೇ ಬಂತು. ಇನ್ನೇನು ಬೇಕು ಅಂದುಕೊಂಡೆ.

ಒಕ್ಕಲು ಬಂದೆವು. ಎಲ್ಲರೂ ಹೊರಗೆ ಬಂದರು, ಅಪ್ಪ ಬರಲಿಲ್ಲ.

ಅಂಗಳದಾಚೆ ನಮ್ಮ ಎದುರು ಮನೆಯ ಜಾಕಿಯಾ ರವಕೆ ಹೊಲಿಯುವವಳು. ಮಿಷನ್ನನ್ನೇ ತನ್ನ ಜಗಲಿಗೆ ತಂದಿಟ್ಟುಕೊಂಡಳು. ಅವಳ ಗಂಡ ಗಫಾರ್ ಬೈಕು ರಿಪೇರಿಯವನು. ಸಂಜೆ ಬಂದು ಕೈಗೆ ಸೀಮೆಎಣ್ಣೆ ಹಚ್ಚಿ ತೊಳೆದುಕೊಳ್ಳುತ್ತಾ ಹೊಂಗೆ ಬುಡದಲ್ಲಿ ಅರ್ಧ ಗಂಟೆ ಕೂತೇ ಒಳಗೆ ಹೋಗುತ್ತಿದ್ದ. ಮೇಲಿನ ವರಾಂಡಗಳಲ್ಲಿ ತುಳಸಿ, ದೊಡ್ಡಪತ್ರೆ, ಕರಿಬೇವು, ಒಣಗುವ ಹುಣಸೆಹಣ್ಣು. ನಾನು ಅಡುಗೆಮನೆ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದೆ. ಆಮೇಲೆ ತಿರುಗಿ ನಡುಮನೆ ನೋಡಿದರೆ ಅಪ್ಪ ಗೋಡೆಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು.

ಒಂದು ಸಂಜೆ ಗಫಾರ್ ಬಾಗಿಲಿಗೇ ಬಂದು, "ಬನ್ನಿ ಯಜಮಾನ್ರೆ, ಗಾಳಿ ಚೆನ್ನಾಗದೆ" ಅಂದ. ಅಪ್ಪ ಎದ್ದು ನಿಂತು ಕೈ ಮುಗಿದರು, ಒಳಕೋಣೆಗೆ ಹೋಗಿಬಿಟ್ಟರು. ಅವನು ಇನ್ನೊಂದು ಮಾತು ಕೇಳಿದರೆ ಉತ್ತರ ಹೇಳಬೇಕಾಗುತ್ತದಲ್ಲ.

"ಮಾವನೋರು ಅಳಿಯನ ಮನೆ ಅಂತ ಸಂಕೋಚ ಮಾಡ್ಕತಾವ್ರೇನೋ" ಅಂದರು ಜಯಪ್ರಕಾಶ್.

"ಅಲ್ಲ" ಅಂದೆ. "ದನಿ."

ಜಗಲಿ ಮಾಡಿ ಕೊಟ್ಟರೂ ದನಿ ಬರುವುದಿಲ್ಲ ಅನ್ನುವ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. ಸಂಜೆ ತರಗತಿಯಲ್ಲಿ ಓದಿದವಳ ಬುದ್ಧಿ ಇಷ್ಟೇ ಅಂತ ನನ್ನನ್ನು ನಾನೇ ಬೈದುಕೊಂಡೆ.

ಆಗ ನೀರಿನ ವಿಷಯ ಶುರುವಾಯಿತು.

ನಮ್ಮ ಕಡೆ ಬೆಳಿಗ್ಗೆ ಎದ್ದ ತಕ್ಷಣ ಬಾಗಿಲಿಗೆ ನೀರು ಹಾಕುತ್ತಾರೆ. ಬಕೆಟ್ಟಿನಲ್ಲಿ ನೀರು ತಂದು, ಕೆಲವರು ಚಿಟಿಕೆ ಸಗಣಿ ಕದಡಿ, ಹೊಸ್ತಿಲ ಮುಂದೆ ಎರಚಿ ಗುಡಿಸಿ ರಂಗೋಲಿ ಬಿಡುತ್ತಾರೆ. ಬಾಗಿಲು ಒಣಗಿದ್ದರೆ ಆ ಮನೆಯಲ್ಲಿ ಸಾವಾಗಿರಬೇಕು ಅಂದುಕೊಳ್ಳುತ್ತಾರೆ. ಮಹಡಿ ಮೇಲಿನ ಬಾಗಿಲೂ ಬಾಗಿಲೇ ತಾನೆ? ಮೇಲಿನ ವರಾಂಡಗಳಿಂದ ಮಳೆನೀರು ಹರಿದುಹೋಗಲಿ ಅಂತ ನಾನು ಅಂಗಳದ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟಿದ್ದೆ. ಇದಕ್ಕೆ ಗಾರೆಯವರು ವಾಟ ಅನ್ನುತ್ತಾರೆ. ಮೇಲೆ ಚಾವಣಿ ಇರುವುದರಿಂದ ಒಳಗೆ ಬರುವ ಮಳೆ ಎಷ್ಟು ಮಹಾ ಅಂತ ಅಂಚಿಗೆ ತಡೆಯನ್ನಾಗಲಿ ಪೈಪನ್ನಾಗಲಿ ಇಟ್ಟಿರಲಿಲ್ಲ. ಮಳೆಯ ಲೆಕ್ಕ ಹಾಕಿದ್ದೆ. ಬಕೆಟ್ಟಿನ ಲೆಕ್ಕ ಹಾಕಿರಲಿಲ್ಲ. ಮದುವೆಯಾದಾಗಿನಿಂದ ಒಂದು ದಿನವೂ ತಪ್ಪದೆ ಬಾಗಿಲಿಗೆ ನೀರು ಹಾಕುವವಳು ನಾನು.

ನಮ್ಮ ನೇರ ಮೇಲಿನ ಮನೆಗೆ ಕೊಪ್ಪದಿಂದ ಸಣ್ಣತಾಯಮ್ಮ ಬಂದರು. ಮಗ ಅಶೋಕ್, ಸೊಸೆ ಕವಿತ ಜೊತೆ ಇರುವವರು. ಗಂಡ ಹೋಗಿ ಬಹಳ ವರ್ಷವಾಗಿದೆ, ವಯಸ್ಸು ಅಪ್ಪನದೇ ಇರಬಹುದು. ಸೊಸೆ ಒಂದು ಚೊಂಬು ನೀರಿನಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಇವರಿಗೆ ಬಕೆಟ್ಟು ಬೇಕು, ಸಗಣಿಯೂ ಬೇಕು. ಆ ನೀರು ವಾಟದಲ್ಲಿ ಇಳಿದು ಬಂದು, ವರಾಂಡದ ಅಂಚಿನ ನೇರ ಕೆಳಗಿದ್ದ ನಮ್ಮ ಜಗಲಿಯ ಮೇಲೆ ಬಿತ್ತು. ಜಗಲಿಯ ಮೇಲೆ ಆಗತಾನೆ ಬಿದ್ದಿದ್ದ ಪೇಪರು ಇತ್ತು.

ಅಪ್ಪನಿಗೆ ಹೊರಗಿನ ಲೋಕ ಅಂತ ಉಳಿದಿದ್ದದ್ದು ಆ ಪೇಪರು ಒಂದೇ. ಒದ್ದೆಯಾದ ಹಾಳೆಗಳನ್ನು ಬಿಡಿಸಲು ನೋಡಿದರು, ಹರಿದವು. ಫ್ಯಾನಿನ ಕೆಳಗೆ ಹರಡಿ ಒಣಗಿಸಿ ಓದಿದರು. ಮಾರನೆ ದಿನವೂ ಹಾಗೇ ಆಯಿತು. ಮೂರನೆ ದಿನ ನಾನು ಎದ್ದು ಹಾಲು ಕಾಯಲು ಇಡುವಾಗ ಬಾಗಿಲು ತೆಗೆದ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಅಪ್ಪ ಅಂಗಳದ ನಡುವೆ ನಿಂತಿದ್ದಾರೆ. ಬನಿಯನ್ನು, ಪಂಚೆ, ಕೈಯಲ್ಲಿ ನೀರು ತೊಟ್ಟಿಕ್ಕುವ ಪೇಪರು. ದನಿ ಇದ್ದಿದ್ದರೆ ಒಳಗಿಂದಲೇ ಕೂಗಿ ಗದರಿಸುತ್ತಿದ್ದರು. ದನಿ ಇಲ್ಲದ್ದರಿಂದ ಕಣ್ಣಿಗೆ ಕಾಣುವ ಕಡೆ ಹೋಗಿ ನಿಲ್ಲಬೇಕಾಗಿತ್ತು.

ಮೇಲಿನಿಂದ ಸಣ್ಣತಾಯಮ್ಮ ಬಗ್ಗಿ ನೋಡಿದರು. "ಏನ್ರಪ್ಪ?"

ಅಪ್ಪ ಪೇಪರು ಎತ್ತಿ ತೋರಿಸಿ ಏನೋ ಹೇಳಿದರು.

"ಕೇಳಕಿಲ್ಲ. ಬಾಯ್ ಬುಟ್ಟು ಏಳಿ."

ಅಪ್ಪ ಗಂಟಲು ಮುಟ್ಟಿ ತಲೆಯಾಡಿಸಿದರು.

"ನೆಗಡಿಯಾ? ತಡೀರಿ, ನಾನೇ ಬತ್ತೀನಿ."

ಪೊರಕೆ ಹಿಡಿದುಕೊಂಡೇ ಇಳಿದು ಬಂದರು. ನಾನು ಒಲೆ ಸಣ್ಣ ಮಾಡಿದೆ. ಅಪ್ಪ ಒಳಗೆ ಓಡಿಬರುತ್ತಾರೆ ಅಂತಲೇ ಅಂದುಕೊಂಡಿದ್ದೆ. ಸಣ್ಣತಾಯಮ್ಮ ತಲೆಯನ್ನು ಅಪ್ಪನ ಬಾಯಿಯ ಹತ್ತಿರಕ್ಕೆ ತಂದು ನಿಂತರು. ಅಪ್ಪ ಹೇಳಿದ್ದು ನನಗೆ ಕೇಳಿಸಲಿಲ್ಲ, ಅವರ ಉತ್ತರ ಮಾತ್ರ ಮೂರಂತಸ್ತಿಗೂ ಕೇಳಿಸಿತು.

"ಬಾಗ್ಲಿಗೆ ನೀರ್ ಆಕ್ದೆ ಇರಕಾಯ್ತದಾ? ಸೂತಕದ ಮನೆ ಅನ್ಕಳಕಿಲ್ವಾ ನೋಡ್ದೋರು?"

ಅಪ್ಪ ಮತ್ತೆ ಏನೋ ಅಂದರು.

"ನೀವು ಪೇಪರ್ ಎತ್ಕಂಡ್ರೋ ಇಲ್ವೋ ಮ್ಯಾಗಿರೋ ನಂಗೆ ಎಂಗ್ ಗೊತ್ತಾಯ್ತದೆ?" ಅಂದವರು ಅಪ್ಪನ ಮುಖವನ್ನೇ ನೋಡುತ್ತಾ, "ನಿಮ್ಮುನ್ನ ಎಲ್ಲೋ ನೋಡಿವ್ನಿ ಕಣ್ರಪ್ಪ" ಅಂದರು. ಅಪ್ಪ ಒಂದು ಮಾತು ಹೇಳಿದರು. ಸಣ್ಣತಾಯಮ್ಮ ಪೊರಕೆಯನ್ನು ಕೆಳಗೆ ಹಾಕಿಬಿಟ್ಟರು.

"ಅಯ್ಯೋ, ಕಂಡಟ್ರು ಮಾದಯ್ಯ. ನನ್ ಸೊಪ್ಪಿನ್ ಪುಟ್ಟಿನ ಟಾಪ್ ಮ್ಯಾಲೆ ಆಕ್ಸಿ ಮದ್ದೂರ್ ಗಂಟ ಬಾಡುಸ್ಬುಟ್ಟಿದ್ರಲ್ಲ."

ನಾನು ಬಾಗಿಲು ದಾಟಿ ಅವರ ಪಕ್ಕಕ್ಕೇ ಬಂದಿದ್ದೆ. ಅಪ್ಪನ ಪಿಸುಮಾತು ಈಗ ನನಗೂ ಕೇಳಿಸಿತು. "ಬಾಗ್ಲಲ್ಲಿ ಪುಟ್ಟಿ ಮಡ್ಗುದ್ರೆ ಜನ ಎಲ್ ಅತ್ತಬೇಕಿತ್ತು?"

"ಓಗ್ಲಿ, ದನಿಗೇನಾಯ್ತು?"

ಇದನ್ನು ಅಪ್ಪನ ಮುಖಕ್ಕೆ ಯಾರೂ ಹೀಗೆ ಕೇಳಿರಲಿಲ್ಲ. ನೆಂಟರಿಷ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದರು.

"ಆಪ್ರೇಸನ್ನು" ಅಂದರು ಅಪ್ಪ.

"ಬುಡಿ ಅತ್ಲಾಗೆ. ಇದ್ದಾಗ ಬೋ ಕಿರುಚಿದ್ದೀರಿ. ಆ ಬಸ್ಸಲ್ಲಿ ಬತ್ತಿದ್ದೋರ ಕಿವಿ ಇನ್ನೂ ಗುಯ್ ಅಂತದೆ."

ಅಪ್ಪ ನಕ್ಕರು. ಶಬ್ದವಿಲ್ಲದ ನಗು, ಭುಜ ಮಾತ್ರ ಅಲುಗಿತು. ಅವ್ವ ಹೋದಮೇಲೆ ಅವರು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಆಮೇಲೆ ಅವರಿಬ್ಬರೂ ಒಂದು ಏರ್ಪಾಡು ಮಾಡಿಕೊಂಡರು. ಖಾಸಗಿ ಬಸ್ಸಿನವರು ಡ್ರೈವರಿಗೆ ಬಾಯಲ್ಲಿ ಹೇಳುವುದು ಕಡಿಮೆ, ಬಸ್ಸಿನ ಮೈಗೆ ಅಂಗೈಯಲ್ಲಿ ಬಡಿಯುತ್ತಾರೆ. ಒಂದೇಟು ಬಡಿದರೆ ನಿಲ್ಲಿಸು, ಎರಡೇಟಿಗೆ ಹೊರಡು. ಅಪ್ಪ ಬೆಳಿಗ್ಗೆ ಎದ್ದು ಹೊರಗೆ ಬಂದು ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಒಂದೇಟು ಬಡಿಯುವರು. ಮೇಲೆ ಸಣ್ಣತಾಯಮ್ಮ ಬಕೆಟ್ಟು ಹಿಡಿದು ನಿಲ್ಲುವರು. ಪೇಪರು ಬಂದು, ಅಪ್ಪ ಅದನ್ನು ಎತ್ತಿಕೊಂಡು, ಜಗಲಿಯಿಂದ ದೂರ ಸರಿದು ಎರಡೇಟು ಬಡಿಯುವರು. ನೀರು ಬೀಳುವುದು.

"ಎಷ್ಟೊತ್ತು ನಿಲ್ಸೀರಿ ಕಂಡಟ್ರೇ? ಪ್ಯಾಸೆಂಜರ್ ಬಯ್ತಾವ್ರೆ" ಅಂತ ಅವರು ಮೇಲಿನಿಂದ ರೇಗಿಸುವರು. ಪೇಪರು ತಡವಾದ ದಿನ ಇಬ್ಬರೂ ಕಾಯುತ್ತಾ ಮಾತಾಡುವರು. ಅಂದರೆ ಅವರು ಮಾತಾಡುವರು, ಅಪ್ಪ ಕೈಯಲ್ಲಿ, ತಲೆಯಲ್ಲಿ ಉತ್ತರ ಕೊಡುವರು.

ನೀರು ಬಿದ್ದ ಜಗಲಿ ಒಣಗುವವರೆಗೆ ಕೂರಲಾಗುವುದಿಲ್ಲವಲ್ಲ, ಅಪ್ಪ ಹೊಂಗೆ ಮರದ ಕೆಳಗೆ ಕೂತು ಪೇಪರು ಓದತೊಡಗಿದರು. ಅಲ್ಲಿ ಕೂತವರನ್ನು ಜನ ಮಾತಾಡಿಸದೆ ಹೋಗುವುದಿಲ್ಲ. ಅಪ್ಪನ ಮಾತು ಕೇಳಬೇಕಾದರೆ ಹತ್ತಿರ ಬಂದು ಕೂರಬೇಕು. ಹತ್ತಿರ ಕೂತವರು ಬೇಗ ಏಳುವುದಿಲ್ಲ. ಗಫಾರ್ ಹಳೆಯ ಬಸ್ಸಿನ ಎಂಜಿನ್‌ಗಳ ಬಗ್ಗೆ ಕೇಳುತ್ತಾ ಅಂಗಡಿ ತೆಗೆಯುವುದನ್ನೇ ತಡ ಮಾಡಿಕೊಳ್ಳುತ್ತಿದ್ದ. ನಾನು ಕಿಟಕಿಯಲ್ಲಿ ನಿಂತು ಇದನ್ನು ನೋಡಿ, ಕಣ್ಣೊರೆಸಿಕೊಂಡು, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಇನ್ನೊಮ್ಮೆ ಹಾಕಿದ್ದೂ ಉಂಟು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನೀರು ನಮ್ಮ ಜಗಲಿಯ ಮೇಲೆ ಮಾತ್ರ ಬೀಳುತ್ತಿರಲಿಲ್ಲ. ಕೆಳಗಿನ ಎಲ್ಲ ಮನೆಗಳದೂ ಅದೇ ಪಾಡು. ಒಂದು ಬೆಳಿಗ್ಗೆ ಜಾಕಿಯಾ ಮದುವೆ ಹೆಣ್ಣಿನ ಜರಿ ರವಕೆಯೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಬೆನ್ನಿನ ಮೇಲೆ ಹಸಿರು ಕಲೆ. ಅವಳ ಮೇಲಿನ ಮನೆಯವರೂ ಸಗಣಿ ನೀರು ಹಾಕುವವರು.

"ಯಾರ್ ಮ್ಯಾಲೆ ಕೋಪ ಮಾಡ್ಕಳಿ ನಯನಕ್ಕ?" ಅಂದಳು. "ಅವ್ರ ಬಾಗ್ಲು, ಅವ್ರ ನೀರು. ನಂಗೂ ಜಗ್ಲಿ ಬುಟ್ಟು ಒಳೀಕ್ ಓಗಕೆ ಮನಸಿಲ್ಲ. ಒಳಗೆ ಕೂತ್ರೆ ಸೂಜಿ ಕಣ್ಣೇ ಕಾಣಕಿಲ್ಲ."

ಅವಳ ಕೈಯಲ್ಲಿದ್ದ ರವಕೆಯನ್ನು ನೋಡಲಾಗಲಿಲ್ಲ. ಸಂಘದವರು ಸಭೆ ಸೇರಿಸಿ ಸರ್ ಅವರನ್ನು ಕರೆಸಿದರು. ಸರ್ ಅಂಗಳದಲ್ಲಿ ನಿಂತು ಮೇಲೆ ಕೆಳಗೆ ನೋಡಿ ನಕ್ಕುಬಿಟ್ಟರು. "ನಾವು ಇಬ್ಬರೂ ಮಳೆ ಬರೋದನ್ನೇ ಕಾಯ್ತಾ ಕೂತಿದ್ವಿ ನಯನ. ಇವರು ದಿನಾ ಮಳೆ ತರಿಸ್ತಾರೆ." ವರಾಂಡದ ಅಂಚಿಗೆ ಒಂದು ಸಣ್ಣ ಕಟ್ಟೆ ಕಟ್ಟಿ, ನೀರನ್ನು ಪೈಪಿನಲ್ಲಿ ಇಳಿಸಿ ಮರಗಳ ಬುಡಕ್ಕೆ ಬಿಡುವುದು ಅಂತ ತೀರ್ಮಾನವಾಯಿತು. ನಕ್ಷೆ ನಾನು ಬರೆದುಕೊಡಬೇಕು.

ಅರ್ಧ ದಿನದ ಕೆಲಸ. ನಾನು ದಿನಗಟ್ಟಲೆ ಎಳೆದೆ. ಪೈಪಿನ ಗಾತ್ರ ನೋಡಬೇಕು ಅಂದೆ, ಕಂಬಿಯ ಬುಡಕ್ಕೆ ನೀರು ನಿಂತು ತುಕ್ಕು ಹಿಡಿದರೆ ಅಂದೆ. ಅವೆಲ್ಲ ಸುಳ್ಳಲ್ಲ, ಆದರೆ ತಡಕ್ಕೆ ಕಾರಣ ಅವಲ್ಲ. ನೀರು ನಿಂತರೆ ಅಪ್ಪ ಯಾಕೆ ಹೊರಗೆ ಬರಬೇಕು?

ಜಯಪ್ರಕಾಶ್ ಕಂಡುಹಿಡಿದರು. "ಒಂದು ಪೈಪಿನ ಚಿತ್ರಕ್ಕೆ ಇಷ್ಟು ದಿನವಾ?"

ಹೇಳಿದೆ. "ಮಾವನ್ನೇ ಕೇಳು. ಅವ್ರ ವಿಷಯ ಅವ್ರಿಗೇ ಗೊತ್ತಿಲ್ದಂಗೆ ನಾವ್ ತೀರ್ಮಾನ ಮಾಡದು ಸರಿಯಲ್ಲ" ಅಂದರು.

ಅಪ್ಪ ಅವರೆಕಾಯಿ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಸುಲಿಯತೊಡಗಿದೆ.

"ಅಪ್ಪ, ಎಲ್ಲರ ಮೇಲೂ ಕಟ್ಟೆ ಕಟ್ಟುಸ್ತೀವಿ. ನಮ್ಮ ಜಗಲಿ ಮೇಲಿನದು ಒಂದನ್ನ ಹಂಗೇ ಬಿಟ್ಟುಬಿಡ್ಲಾ?"

"ಯಾಕೆ?"

ಯಾಕೆ ಅಂತ ಹೇಳಲು ನನ್ನಿಂದಾಗಲಿಲ್ಲ. ನೀವು ಹೊರಗೆ ಬರುತ್ತೀರಿ ಅಂತ ಅಂದರೆ, ಇಷ್ಟು ದಿನ ಬರುತ್ತಿರಲಿಲ್ಲ ಅಂತಲೂ ಹೇಳಿದ ಹಾಗಾಗುತ್ತದೆ. ಅಪ್ಪ ನನ್ನ ಮುಖ ನೋಡಿದರು. ತಿಳಿಯಿತೋ ಏನೋ.

"ನಾನೇನ್ ಗುಡಿ ಲಿಂಗವಾ, ದಿನಾ ತಲೆ ಮ್ಯಾಲೆ ನೀರ್ ಉಯ್ಸ್ಕಳಕೆ?" ಅಂದರು. ಆಮೇಲೆ, "ಜಾಕಿಯಾದು ಇನ್ನೊಂದ್ ರವಕೆ ಓದ್ರೆ ಆ ಮಗ ಏನ್ ಮಾಡೀತು? ಬರ್ದ್ ಕೊಟ್ಬುಡು ನಯ್ನ. ಎಲ್ಲಾನೂ ಬರಿ."

ಎಲ್ಲವನ್ನೂ ಬರೆದೆ.

ಗಾರೆಯ ಕರಿಯಯ್ಯ ತನ್ನ ಜನರೊಂದಿಗೆ ಬಂದು ಕಟ್ಟೆ ಕಟ್ಟಿ ಹೋದ. ಹೊಸ ಸಿಮೆಂಟು ಬಿರುಕು ಬಿಡಬಾರದು ಅಂದರೆ ಗೋಣಿಚೀಲ ಹೊದಿಸಿ ದಿನಕ್ಕೆ ಮೂರು ನಾಲ್ಕು ಸಲ ನೀರುಣಿಸಬೇಕು. ಯಾರು ಉಣಿಸುವುದು ಅಂತ ಕೇಳಿದಾಗ ಅಪ್ಪ ಕೈ ಎತ್ತಿದರು. ಚೊಂಬು, ಬಕೆಟ್ಟು ಹಿಡಿದು ಮೇಲಿನ ವರಾಂಡಗಳ ಉದ್ದಕ್ಕೂ ನಡೆಯುತ್ತಾ ನೀರು ಹಾಕಿದರು. ಒಬ್ಬೊಬ್ಬರ ಬಾಗಿಲ ಮುಂದೆಯೂ ನಿಲ್ಲಬೇಕಾಗುತ್ತಿತ್ತು, ಮಜ್ಜಿಗೆ ಕುಡಿಯಬೇಕಾಗುತ್ತಿತ್ತು. ಮೂರನೆ ಅಂತಸ್ತಿನ ಕೊನೆಯ ಮೂಲೆಯಲ್ಲಿ ನಿಂತರೆ ಕಬ್ಬಿನ ಗದ್ದೆಗಳ ಆಚೆ ರಸ್ತೆ ಕಾಣುತ್ತದೆ. ಅಲ್ಲಿ ಬಹಳ ಹೊತ್ತು ನಿಲ್ಲುತ್ತಿದ್ದರು ಅಂತ ಮೇಲಿನ ಮನೆಯವರು ಹೇಳಿದರು.

ನೀರುಣಿಸುವ ಕೆಲಸವೂ ಮುಗಿಯಿತು. ಮಾರನೆ ಬೆಳಿಗ್ಗೆ ನಾನು ಹಾಲಿಗಿಟ್ಟು ಕಿಟಕಿಯಲ್ಲಿ ನಿಂತೆ. ಮೇಲೆ ನೀರು ಎರಚಿದ ಸದ್ದು ಕೇಳಿಸಿತು, ಪೈಪಿನಲ್ಲಿ ಇಳಿಯಿತು. ನನ್ನ ನಕ್ಷೆ ಸರಿಯಾಗಿತ್ತು. ಪೇಪರು ಒಣಗಿದ ಜಗಲಿಯ ಮೇಲೆ ಬಿತ್ತು. ಅಪ್ಪ ಬಾಗಿಲನ್ನು ಅರ್ಧ ತೆಗೆದು, ಕೈ ಚಾಚಿ ಅದನ್ನು ಎತ್ತಿಕೊಂಡು ಬಾಗಿಲು ಹಾಕಿಕೊಂಡರು.

ಮರುದಿನವೂ ಹಾಗೇ. ಅದರ ಮರುದಿನವೂ.

ಸಣ್ಣತಾಯಮ್ಮ ನನ್ನನ್ನು ಮೆಟ್ಟಿಲಲ್ಲಿ ತಡೆದರು. "ಕಂಡಟ್ರಿಗೆ ಉಸಾರಿಲ್ವೇನವ್ವ?"

"ಹುಷಾರಾಗಿದ್ದಾರೆ ಅಮ್ಮ. ನೀರು ಬೀಳಲ್ವಲ್ಲ ಈಗ, ಅದಕ್ಕೆ."

"ನೀನ್ ಮಾಡಿದ್ದು ಒಳ್ಳೇದೇ ಕಣವ್ವ. ಆದ್ರೆ ಬೆಳಿಗ್ಗೆ ಒಂದ್ ಜಗ್ಳ ಇಲ್ದೆ ನಂಗೂ ಬಾಯಿ ಸಪ್ಪಗಾಗೋಗದೆ" ಅಂದರು.

ಆ ವಾರ ಕಚೇರಿಯಲ್ಲಿ ನನಗೆ ಒಂದು ಗೆರೆಯೂ ನೆಟ್ಟಗೆ ಬರಲಿಲ್ಲ. ಒಳ್ಳೆಯ ಕೆಲಸ ಮಾಡಿಯೇ ಅಪ್ಪನನ್ನು ಮತ್ತೆ ಒಳಗೆ ತಳ್ಳಿದೆನಲ್ಲ ಅನ್ನಿಸುತ್ತಿತ್ತು. ಹಾಗಂತ ಜಾಕಿಯಾಳ ಜಗಲಿಯ ಮೇಲೆ ನೀರು ಬೀಳಲಿ ಅನ್ನಲು ಬಾಯಿ ಬರುತ್ತದೆಯೇ?

ಶುಕ್ರವಾರ ಸಂಜೆ ಕಚೇರಿಯಿಂದ ಬಂದರೆ ಬಾಗಿಲಿಗೆ ಬೀಗ. ಜಾಕಿಯಾ ಮಿಷನ್ನಿನಿಂದ ಎದ್ದು ಬಂದು ಬೀಗದ ಕೈ ಕೊಟ್ಟಳು.

"ಊಟ ಮಾಡ್ಕಂಡು ಓದ್ರು. ಎಲ್ಲಿಗೆ ತಾತ ಅಂದೆ. ರೋಡ್ ಕಡೆ ಕೈ ತೋರಿಸ್ಬುಟ್ಟು ಓದ್ರು. ಬಿಳೀ ಸಲ್ಟು ಆಕ್ಕಂಡಿದ್ರು."

ಒಳಗೆ ನೋಡಿದರೆ ಅಪ್ಪನ ಮೊಬೈಲು ಕಿಟಕಿಯಲ್ಲೇ ಇತ್ತು. ಇದ್ದರೂ ಪ್ರಯೋಜನವಿರಲಿಲ್ಲ, ಫೋನಿನಲ್ಲಿ ಅವರ ಮಾತು ಯಾರಿಗೂ ಕೇಳಿಸುವುದಿಲ್ಲ. ದಾರಿ ತಪ್ಪಿದರೆ ಯಾರನ್ನು ಹೇಗೆ ಕೇಳುತ್ತಾರೆ? ತಲೆ ತಿರುಗಿ ಬಿದ್ದರೆ ಹೇಗೆ ಕೂಗುತ್ತಾರೆ? ನಾನು ಗೇಟಿಗೆ ಹೋಗಿ ನಿಂತೆ, ವಾಪಸು ಬಂದೆ, ಮತ್ತೆ ಹೋದೆ.

ಸಣ್ಣತಾಯಮ್ಮ ಮೇಲಿನಿಂದ ನೋಡುತ್ತಿದ್ದವರು ಇಳಿದು ಬಂದರು. "ನೀನ್ ಅಂಗೆ ಗೇಟಲ್ಲಿ ನೇತಾಡುದ್ರೆ ಅವ್ರು ಬೇಗ ಬತ್ತಾರಾ? ಬಾ ಇಲ್ಲಿ, ಕೂತ್ಕ." ನನ್ನ ಕೈ ಹಿಡಿದು ನಮ್ಮ ಜಗಲಿಯ ಮೇಲೆ ಕೂರಿಸಿದರು. ಪಕ್ಕದಲ್ಲಿ ತಾವೂ ಕೂತರು. ಆ ಜಗಲಿಯನ್ನು ಅಷ್ಟು ಅಳೆದು ಬರೆದವಳು ನಾನು, ಒಕ್ಕಲು ಬಂದಮೇಲೆ ಒಂದು ದಿನವೂ ಅದರ ಮೇಲೆ ಕೂತಿರಲಿಲ್ಲ. ಕಿಟಕಿಯಿಂದ ನೋಡುತ್ತಲೇ ಇದ್ದೆ. ಕಲ್ಲು ಹಗಲಿನ ಬಿಸಿಲು ಕುಡಿದು ಬೆಚ್ಚಗಿತ್ತು. ಕಾಲು ನೆಲ ಮುಟ್ಟುತ್ತಿತ್ತು.

"ನಿಮ್ಮಪ್ಪ ಮಗಾ ಅಲ್ಲ" ಅಂದರು ಅವರು. "ಈ ಸೀಮೆನ ನಿಂತ್ಕಂಡೇ ಸುತ್ತಿರೋರು."

ಬೆಳಕು ಇಳಿಯುವ ಹೊತ್ತಿಗೆ ಅಪ್ಪ ಗೇಟು ದಾಟಿ ಬಂದರು. ಬಿಳಿ ಶರ್ಟು ಧೂಳಾಗಿತ್ತು. ಕೈಯಲ್ಲಿ ಏನೂ ಇರಲಿಲ್ಲ. ನಮ್ಮಿಬ್ಬರನ್ನು ನೋಡಿ ಸ್ವಲ್ಪ ನಾಚಿದವರಂತೆ ನಿಂತರು, ಆಮೇಲೆ ನನ್ನ ಪಕ್ಕ ಕೂತರು. ಸಣ್ಣತಾಯಮ್ಮನೇ ಕೇಳಿದರು.

"ಎಲ್ಲಿಗ್ ಓಗಿದ್ರಿ ಕಂಡಟ್ರೇ? ಮಗ್ಳು ಅಳದೊಂದ್ ಬಾಕಿ."

"ಮಳವಳ್ಳಿ."

"ಯಾರ್ ಮನ್ಗೆ?"

"ಯಾರ್ ಮನ್ಗೂ ಇಲ್ಲ. ಓದೆ. ಟೀ ಕುಡ್ದೆ. ಬಂದೆ."

"ಟಿಕೆಟ್ ತಗಂಡ್ರಾ, ಇಲ್ಲಾ ಹಳೇ ಕಂಡಟ್ರು ಅಂತ ಪುಕ್ಸಟ್ಟೆ ಓದ್ರಾ? ನಮ್ಗಾದ್ರೆ ಸರ್ಕಾರಿ ಬಸ್ಸು ಫ್ರೀ ಅದೆ."

"ತಗಂಡೆ" ಅಂದರು ಅಪ್ಪ.

ನಾನು ಕೇಳಬಾರದು ಅಂದುಕೊಂಡಿದ್ದೆ, ಬಾಯಿ ತಡೆಯಲಿಲ್ಲ. "ಬಸ್ಸಿನ ಸದ್ದಲ್ಲಿ ಊರಿನ ಹೆಸರು ಹೇಳಿದ್ದು ಕಂಡಕ್ಟರಿಗೆ ಕೇಳಿಸ್ತಾ ಅಪ್ಪ?"

ಅಪ್ಪ ಚಪ್ಪಲಿ ಬಿಡುತ್ತಿದ್ದರು.

"ಎಲ್ಡ್ ಸಲ ಏಳ್ದೆ" ಅಂದರು.

ಅಷ್ಟೇ. ಅದಕ್ಕಿಂತ ಹೆಚ್ಚು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಿಲ್ಲ. ಈಗ ಕೆಲವು ದಿನ ಹೊಂಗೆ ಬುಡದಲ್ಲಿ ಕೂರುತ್ತಾರೆ, ಕೆಲವು ದಿನ ಒಳಗೇ ಇರುತ್ತಾರೆ. ಆಗೊಮ್ಮೆ ಈಗೊಮ್ಮೆ ಬಿಳಿ ಶರ್ಟು ಹಾಕಿಕೊಂಡು ಹೊರಡುತ್ತಾರೆ. ಮೊಬೈಲು ತೆಗೆದುಕೊಂಡು ಹೋಗಿ ಅಂದರೆ ಕೇಳುವುದಿಲ್ಲ.

ಮದ್ದೂರಿನ ಮನೆಗಳಿಗೆ ವರಾಂಡದ ಅಂಚಿಗೆ ಕಟ್ಟೆ, ಪೈಪು ಎರಡನ್ನೂ ಇಡುತ್ತೇನೆ. ಬಕೆಟ್ಟಿನ ನೀರಿನ ಲೆಕ್ಕವನ್ನು ಈ ಸಲ ಹಾಕಿದ್ದೇನೆ. ಅಷ್ಟು ಖಚಿತ. ಆದರೆ ನಮ್ಮಪ್ಪನನ್ನು ಹೊರಗೆ ಕರೆದದ್ದು ಯಾವುದು? ಜಗಲಿಯೋ, ಅದರ ಮೇಲೆ ಬಿದ್ದ ನೀರೋ, ಸಣ್ಣತಾಯಮ್ಮನ ಬಾಯೋ, ಮೂರನೆ ಅಂತಸ್ತಿನಿಂದ ಕಂಡ ರಸ್ತೆಯೋ. ಇಲ್ಲ, ಇವು ಯಾವುದೂ ಇಲ್ಲದಿದ್ದರೂ ಅವರು ಒಂದು ದಿನ ತಾವಾಗಿಯೇ ಎದ್ದು ಹೋಗುತ್ತಿದ್ದರೋ. ಸರ್ ಕೂಡ ಇದನ್ನೇ ಕೇಳಿದರು, ನಾನೂ ಬಹಳ ಯೋಚಿಸಿದೆ. ನನಗೆ ಗೊತ್ತಿಲ್ಲ.